ಬ್ಯಾಗಿನಲ್ಲಿ ಹೋದ ಕೀಲಿಕೈ

ಬೀಗ ಹಾಕುವುದೇನೂ ದೊಡ್ಡ ವಿದ್ಯೆಯಲ್ಲ. ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದು ಮಾತ್ರ ಬ್ರಹ್ಮವಿದ್ಯೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಹನ್ನೊಂದು ವರ್ಷದಿಂದ ನಾನು ಅನ್ನ ತಿನ್ನುತ್ತಿರುವುದು ಈ ವಿದ್ಯೆ ನನಗೆ ಗೊತ್ತಿದೆ ಎಂಬ ನಂಬಿಕೆಯ ಮೇಲೆ. ನಾವು ತಯಾರಿಸುವುದು ವರ್ಚುವಲ್ ಮಷೀನ್, ಅಂದರೆ ನಿಜವಾದ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ತಾನೂ ಒಂದು ಕಂಪ್ಯೂಟರೆಂದು ನಟಿಸುವ ಸಾಫ್ಟ್‌ವೇರ್. ಅದರೊಳಗೆ ಹತ್ತಾರು ಕೆಲಸಗಾರರು ಒಟ್ಟಿಗೆ ದುಡಿಯುತ್ತಿರುತ್ತಾರೆ ಅಂದುಕೊಳ್ಳಿ. ಇಬ್ಬರು ಒಂದೇ ಸಲ ಒಂದೇ ವಸ್ತುವಿಗೆ ಕೈಹಾಕಿ ಕೆಡಿಸಬಾರದೆಂದು ಇಡೀ ಯಂತ್ರಕ್ಕೆ ಒಂದೇ ಬೀಗ, ಒಂದೇ ಕೀಲಿಕೈ. ಅದು ಯಾರ ಕೈಯಲ್ಲಿದೆಯೋ ಅವನು ಕೆಲಸ ಮಾಡಬೇಕು, ಉಳಿದವರು ಕಾಯಬೇಕು. ಇದನ್ನು ನನ್ನ ಹೆಂಡತಿ ವಸಂತಿಗೆ ವಿವರಿಸಿದಾಗ ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, "ಅಂದ್ರೆ ಇಲ್ದೇ ಇರೋ ಕಂಪ್ಯೂಟರ್‌ಗೆ ಬೀಗ ಹಾಕೋಕೆ ಸಂಬಳ ಕೊಡ್ತಾರಾ? ಅದೂ ನಿಮಗೆ? ಮನೆ ಬೀಗ ಹಾಕಿದ್ನೋ ಇಲ್ವೋ ಅಂತ ಅರ್ಧ ದಾರಿಯಿಂದ ವಾಪಸ್ ಬರೋರಿಗೆ?" ಎಂದಳು.

ತೊಂದರೆ ಎಲ್ಲಿ ಬಂತೆಂದರೆ, ಕೀಲಿಕೈ ಹಿಡಿದ ಕೆಲಸಗಾರ ಡಿಸ್ಕಿನಿಂದ ಏನನ್ನೋ ತರಿಸಲು ಹೇಳಿ ಕಾಯುತ್ತಾ ಕೂರಬೇಕಾದಾಗ. ಕಾಯುವಾಗಲೂ ಕೀಲಿಕೈ ಅವನ ಹತ್ತಿರವೇ ಇರಲಿ ಎಂದು ಮೊದಲು ಬರೆದೆ. ಇಡೀ ಯಂತ್ರ ಕಲ್ಲಾಗಿ ನಿಂತಿತು. ಸರಿ, ಕೊಟ್ಟು ಕಾಯಲಿ, ವಾಪಸ್ ಪಡೆದು ಬಿಟ್ಟಲ್ಲಿಂದಲೇ ಮುಂದುವರಿಸಲಿ ಎಂದು ತಿದ್ದಿದೆ. ಯಂತ್ರ ಬಿದ್ದೇ ಹೋಯಿತು. ನಮ್ಮ ತಂಡದ ಮುಖ್ಯಸ್ಥೆ ಸುಧಾ ಮೇಡಂ ಗದರುವವರಲ್ಲ, ಅದೇ ಭಯ. "ಮಂಗಳವಾರ ಹತ್ತು ಗಂಟೆಗೆ ಕೂರೋಣ. ಆಗ್ಲೂ ಸರಿಹೋಗ್ಲಿಲ್ಲ ಅಂದ್ರೆ ಶುಕ್ರವಾರದ ರಿಲೀಸಿಂದ ನಿಮ್ಮ ಭಾಗ ತೆಗೆದುಬಿಡೋಣ" ಎಂದು ಮೆಲ್ಲಗೆ ಹೇಳಿದರು. ಎಂಟು ತಿಂಗಳ ಕೆಲಸ ಅದು.

ಈಗ ನಮ್ಮ ಮನೆ ಓನರ್ ಮುನಿಯಮ್ಮಜ್ಜಿಯ ವಿಷಯ ಹೇಳಬೇಕು. ನಾವಿರುವುದು ಅತ್ತಿಬೆಲೆಯಲ್ಲಿ, ಅಜ್ಜಿಯ ಎಂಟು ಮನೆಗಳ ವಠಾರದಲ್ಲಿ. ಅಜ್ಜಿಯ ಮಾವ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುತ್ತಿದ್ದವರು. ಆ ಗದ್ದೆಗಳಲ್ಲಿ ಈಗ ಕಾರ್ಖಾನೆಗಳಿವೆ. ಆದರೆ ನೀರುಗಂಟಿಕೆ ನಿಂತಿಲ್ಲ. ಎಂಟು ಮನೆಗೆ ಎಂಟು ಟ್ಯಾಂಕು, ಒಂದೇ ಬೋರು. ಗುಂಡಿಯೊಳಗಿನ ಎಂಟು ವಾಲ್ವುಗಳನ್ನು ತಿರುಗಿಸಲು ಮೊಳದುದ್ದದ ಒಂದೇ ಕಬ್ಬಿಣದ ಕೀಲಿಕೈ. ಅದು ಅಜ್ಜಿಯ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ. ಸರದಿ ಬಂದವರು ತೆಗೆದುಕೊಂಡು, ನೀರು ತುಂಬಿಸಿ, ವಾಲ್ವು ಮುಚ್ಚಿ, ಮತ್ತೆ ಮೊಳೆಗೆ ಹಾಕಬೇಕು. ಎಲ್ಲರಿಗೂ ಒಂದೊಂದು ಕೀ ಮಾಡಿಸಿಬಿಡಬಹುದಲ್ಲ ಎಂದು ಬಂದ ಹೊಸತರಲ್ಲಿ ನಾನೇ ಜಾಣತನ ತೋರಿಸಿದ್ದೆ. "ಎಂಟು ಕೀ ಮಾಡ್ಸಬೋದು ಕಣಪ್ಪಾ, ಎಂಟು ಬೋರು ಎಲ್ಲಿಂದ ತರ್ಲಿ?" ಎಂದಿತ್ತು ಅಜ್ಜಿ. ಆರು ವರ್ಷದಲ್ಲಿ ಈ ವಠಾರದಲ್ಲಿ ನೀರಿಗಾಗಿ ಒಂದು ಜಗಳವೂ ಆಗಿಲ್ಲ. ಬೆಂಗಳೂರಿನ ಕಡೆಯವರಿಗೆ ಇದು ಎಂಥ ಪವಾಡವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪವಾಡಕ್ಕೆ ಕಲ್ಲು ಹಾಕಿದವನು ನಾನು. ಮಂಗಳವಾರ ಬೆಳಿಗ್ಗೆ ನಮ್ಮ ಸರದಿ. ವಾಲ್ವು ತೆಗೆದು ಐದು ನಿಮಿಷವಾಗಿಲ್ಲ, ಕರೆಂಟು ಹೋಯಿತು. ಕೀಲಿಕೈ ಮೊಳೆಗೆ ಹಾಕಿದರೆ ಕರೆಂಟು ಬಂದಾಗ ಮೂರನೇ ಮನೆಯವರು ಎತ್ತಿಕೊಂಡುಬಿಟ್ಟರೆ ಎಂಬ ದುರಾಸೆ ಹುಟ್ಟಿತು. ವಾಲ್ವನ್ನು ತೆಗೆದೇ ಬಿಟ್ಟು, ನನ್ನ ಹತ್ತಿರವೇ ಇರಲಿ ಎಂದು ಕೀಲಿಕೈಯನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಟ್ಟುಕೊಂಡು, ಇಡ್ಲಿ ತಿನ್ನುತ್ತಾ ಹತ್ತು ಗಂಟೆಗೆ ಸುಧಾ ಮೇಡಂ ಎದುರು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಕಂಪನಿ ಬಸ್ಸಿನ ಹಾರ್ನ್ ಕೇಳಿತು. ಬ್ಯಾಗು ಹೆಗಲಿಗೇರಿಸಿ ಓಡಿದೆ.

ಆಫೀಸಿನ ಗೇಟಿನಲ್ಲಿ ಸ್ಕ್ಯಾನರ್ ಕಿರುಚಿತು. ಸೆಕ್ಯುರಿಟಿಯವರು ಬ್ಯಾಗಿಗೆ ಕೈಹಾಕಿ ಕಬ್ಬಿಣವನ್ನು ಹೊರಗೆಳೆದು, "ಸಾರ್, ಇದೇನ್ ಸಾರ್? ಯಾರ್ ಮೇಲೆ ಸಾರ್ ಕೋಪ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ವಸಂತಿಯ ಫೋನು.

"ರೀ, ಕೀ ಎಲ್ಲಿ? ಕರೆಂಟ್ ಬಂದು ಮೋಟಾರ್ ತಾನಾಗೇ ಓಡ್ತಿದೆ. ನಮ್ಮ ಟ್ಯಾಂಕ್ ತುಂಬಿ ಹರೀತಿದೆ. ಉಳಿದ ಏಳು ಮನೆಗೆ ಒಂದು ತೊಟ್ಟೂ ಇಲ್ಲ. ರತ್ನಕ್ಕನ ಮನೇಲಿ ಬಾಣಂತಿಗೆ ಸ್ನಾನಕ್ಕೂ ನೀರಿಲ್ಲ!"

ಹಸುಗೂಸಿನ ತಾಯಿಯನ್ನು ನೀರಿಲ್ಲದೆ ಕೂರಿಸಿ ಬಂದಿದ್ದೆನಲ್ಲ! ಸುಧಾ ಮೇಡಂ ಹತ್ತಿರ ಮಧ್ಯಾಹ್ನ ಫೋನಿನಲ್ಲಿ ಮಾತಾಡುತ್ತೇನೆಂದು ಬೇಡಿಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಏಳು ಮನೆಯವರ ಬೈಗುಳವನ್ನು ಮನಸ್ಸಿನಲ್ಲೇ ಕೇಳಿಸಿಕೊಂಡೆ.

ವಠಾರ ಶಾಂತವಾಗಿತ್ತು. ನಮ್ಮ ಟ್ಯಾಂಕಿನಿಂದ ಹೆಚ್ಚಾದ ನೀರು ಬೀಳುವ ಪೈಪಿನ ಕೆಳಗೆ ಅಜ್ಜಿ ಸ್ಟೂಲು ಹಾಕಿಕೊಂಡು ಕೂತಿತ್ತು. ಮುಂದೆ ಬಿಂದಿಗೆ, ಬಕೆಟ್ಟು, ಕೊಳಗಗಳ ಸಾಲು. ಮೊದಲ ನೀರು ಬಾಣಂತಿಯ ಹಂಡೆಗೆ ಹೋಗಿ, ಸ್ನಾನವೂ ಮುಗಿದು, ರತ್ನಕ್ಕನ ಮನೆಯಿಂದ ಸಾಂಬ್ರಾಣಿಯ ಹೊಗೆ ಬರುತ್ತಿತ್ತು. ಆಮೇಲೆ ಮನೆಗೆ ಎರಡು ಬಿಂದಿಗೆಯಂತೆ, ಸರದಿ ತಪ್ಪದೆ. ನಾನು ಕೀಲಿಕೈ ಹೊತ್ತೊಯ್ದರೂ ನೀರುಗಂಟಿಕೆಯನ್ನು ಹೊತ್ತೊಯ್ಯಲು ಆಗಿರಲಿಲ್ಲ. ನಿಜ ಹೇಳುತ್ತೇನೆ, ಕೈಮುಗಿಯಬೇಕೆನಿಸಿತು; ಕೈಯಲ್ಲಿ ಕಬ್ಬಿಣವಿತ್ತು.

"ಬಂದ್ಯಾ?" ಎಂದಿತು ಅಜ್ಜಿ. "ನಮ್ ಮಾವ ಏಳೋರು, ಕಾಯಾಕ್ ಕುಂತೋನ ಕೈನಾಗೆ ಕೀ ಇರಬಾರ್ದು ಅಂತ. ಕರೆಂಟ್ ಹೋತಾ? ಮೊದ್ಲು ನಿನ್ ವಾಲ್ವು ಮುಚ್ಚು. ಕೀ ಮೊಳೆಗಾಕು. ಆಮ್ಯಾಕೆ ಇಡ್ಲಿ ತಿನ್ನು."

"ಕರೆಂಟ್ ಬಂದ್ಮೇಲೆ ನಾನು ಬಿಟ್ಟಲ್ಲಿಂದಲೇ ಶುರು ಮಾಡ್ಬಹುದಾ ಅಜ್ಜಿ?"

"ಅದೆಂಗಾಯ್ತದೆ? ಒಸಬನಂಗೆ ಬಂದು ನೋಡ್ಬೇಕು. ಯಾರ್ ವಾಲ್ವು ತೆಗ್ದೈತೆ, ಯಾರ್ ಟ್ಯಾಂಕ್ ಖಾಲಿ ಐತೆ, ಎಲ್ಲಾ. ನೀನ್ ಬಿಟ್ಟೋದಂಗೆ ಊರು ಇರಾಕಿಲ್ಲ ಕಣಪ್ಪಾ."

ನಮ್ಮ ವಾಲ್ವು ಮುಚ್ಚಿ, ಕೀಲಿಕೈ ಮೊಳೆಗೆ ಹಾಕಿ, ಅಲ್ಲೇ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಎಂಟು ತಿಂಗಳು ಬಿಳಿ ಬೋರ್ಡಿನ ಮೇಲೆ ಬಾಣದ ಗುರುತು ಎಳೆದೆಳೆದು ನಾನು ಹುಡುಕುತ್ತಿದ್ದುದನ್ನು ಕಂಪ್ಯೂಟರಿನ ಮುಖ ನೋಡದ ಮುದುಕಿ ಬಿಂದಿಗೆ ಸರಿಸುತ್ತಾ ಹೇಳಿ ಮುಗಿಸಿತ್ತು. ಅದೂ ಅಜ್ಜಿಯ ಮಾತಲ್ಲವಂತೆ, ಮಾವನದಂತೆ. ಮಾವನಿಗೆ ಯಾರು ಹೇಳಿದ್ದರೋ! ಕಾಯುವ ಮುನ್ನ ಕೈಲಿದ್ದ ಕೆಲಸವನ್ನು ಒಂದು ಹದಕ್ಕೆ ತಂದು ಮುಚ್ಚು, ಕೀಲಿಕೈ ಬಿಡು, ಮರಳಿ ಪಡೆದ ಮೇಲೆ ಎಲ್ಲವನ್ನೂ ಮತ್ತೆ ನೋಡು. ಮಧ್ಯಾಹ್ನದೊಳಗೆ ಹಾಗೆಯೇ ಬರೆದು ಕಳಿಸಿದೆ. ಯಂತ್ರ ನಿಲ್ಲಲೂ ಇಲ್ಲ, ಬೀಳಲೂ ಇಲ್ಲ.

"ಇದು ಸರಿ ಇದೆ. ಎಲ್ಲಿ ಓದಿದ್ರಿ?" ಎಂದರು ಸುಧಾ ಮೇಡಂ ಫೋನಿನಲ್ಲಿ.

"ನಮ್ಮ ಓನರ್ ಅಜ್ಜಿ ಹೇಳಿಕೊಟ್ರು ಮೇಡಂ."

"ಅವ್ರ ರೆಸ್ಯೂಮೆ ಕಳಿಸಿ" ಎಂದರು.

ಶುಕ್ರವಾರ ನನ್ನ ಭಾಗವೂ ಸೇರಿಯೇ ರಿಲೀಸ್ ಆಯಿತು. ಸಿಹಿ ಹಿಡಿದು ಅಜ್ಜಿಯ ಬಾಗಿಲಿಗೆ ಹೋದೆ. ಅಜ್ಜಿ ಮೈಸೂರುಪಾಕು ತೆಗೆದುಕೊಂಡು, ನನಗೊಬ್ಬನಿಗೇ ಒಂದು ಹೊಸ ಕಾನೂನು ಕೊಟ್ಟಿತು: ನನ್ನ ಸರದಿಯ ದಿನ ಮೊದಲು ಲ್ಯಾಪ್‌ಟಾಪ್ ಬ್ಯಾಗನ್ನು ಮೊಳೆಗೆ ಹಾಕಬೇಕು, ಆಮೇಲೆ ಕೀಲಿಕೈ ಮುಟ್ಟಬೇಕು. ತಲೆ ಬಾಗಿಸಿ ಒಪ್ಪಿದೆ. ಮೊನ್ನೆ ಸರದಿ ಬಂತು. ಬ್ಯಾಗು ಹಾಕಿದೆ, ಕೀಲಿಕೈ ತೆಗೆದೆ, ನೀರು ತುಂಬಿಸಿದೆ, ವಾಲ್ವು ಮುಚ್ಚಿದೆ, ಕೀಲಿಕೈಯನ್ನು ಅದೇ ಮೊಳೆಗೆ ತೂಗುಹಾಕಿದೆ. ಒಂದೂ ತಪ್ಪಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಎದೆಯುಬ್ಬಿಸಿಕೊಂಡೇ ಕೂತಿದ್ದೆ. ಗೇಟಿನಲ್ಲಿ ಸ್ಕ್ಯಾನರ್ ತುಟಿಪಿಟಕ್ಕೆನ್ನಲಿಲ್ಲ. ಸೆಕ್ಯುರಿಟಿಯವರು ನನ್ನ ಎರಡೂ ಖಾಲಿ ಕೈ ನೋಡಿ ಕೇಳಿದರು, "ಏನ್ ಸಾರ್, ಇವತ್ತು ಬ್ಯಾಗೇ ಇಲ್ವಾ?"