ದೇಶದ ನಡುವಿನ ಗೂಟ

ದೇಶದ ನಟ್ಟನಡು ಎಲ್ಲಿದೆ ಗೊತ್ತೇ? ಮಸ್ಕಿಯಲ್ಲಿ, ನನ್ನ ತವರಿನ ಅಂಗಳದಲ್ಲಿ! ನಮ್ಮಣ್ಣ ಅಲ್ಲೊಂದು ಜಾಲಿಯ ಗೂಟ ಬಡಿದಿದ್ದ. ಆಗ ನಿಜಾಮರ ಆಳ್ವಿಕೆ. ಹೈದರಾಬಾದಿನ ಅರಮನೆಗೆ ಈ ಸುದ್ದಿ ಮುಟ್ಟದೇ ಹೋದದ್ದು ಅವರ ದುರ್ದೈವ.

ಅವನ ವಾದ ಸರಳ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಲಿಂಗಸುಗೂರಿನ ಕಡೆಯ ಕೆಂಪು ಮಸಾರಿ ಮಣ್ಣು, ಸಿಂಧನೂರಿನ ಕಡೆಯ ಕಪ್ಪು ಎರೆಮಣ್ಣು ನಮ್ಮ ಅಂಗಳದಲ್ಲೇ ಬಂದು ಕೂಡುತ್ತವಂತೆ. "ಎರಡು ನೆಲ ಕೂಡೋದು ನಡುವಿನ್ಯಾಗ ಅಲ್ಲೇನು?" ಉರ್ದು ಶಾಲೆಯನ್ನು ಎರಡನೇ ತರಗತಿಗೇ ಬಿಟ್ಟ ನಾನು ಏನೆಂದು ವಾದಿಸಲಿ?

ಅಣ್ಣನಿಗೆ ಮಣ್ಣನ್ನು ನಾಲಿಗೆಗೆ ಹಚ್ಚಿ ಊರು ಹೇಳುವ ಚಟ ಬೇರೆ! ಮನುಷ್ಯರ ಗುಣವೂ ಮಣ್ಣಿನದೇ ಅಂತೆ.

"ಎರಿ ನೆಲದವ್ರು ಮಳೀನೂ ಬಿಡಂಗಿಲ್ಲ, ಸಿಟ್ಟೂ ಬಿಡಂಗಿಲ್ಲ. ಮಸಾರಿಯವ್ರು ಎರಡನ್ನೂ ಸಂಜಿಗೆ ಮರೀತಾರ."

"ಮತ್ತ ನಾವು?"

"ನಡುವಿನವ್ರು ಬೇ. ಬೇಕಾದ್ದು ಹಿಡೀತೀವಿ, ಬ್ಯಾಡಾದ್ದು ಬಿಡ್ತೀವಿ."

ನನ್ನನ್ನು ನೋಡಲು ಲಿಂಗಸುಗೂರಿನಿಂದ ಗಂಡಿನವರು ಬಂದರು. ಬಾಯಿ ತೆರೆಯಬೇಡವೆಂದು ಅವ್ವ ಅಣ್ಣನಿಗೆ ತಾಕೀತು ಮಾಡಿದ್ದಳು. ತೆರೆದ, ಆದರೆ ಮೊದಲು ಮಾತಿಗಲ್ಲ! ಹಿರಿಯರು ಹೊರಗೆ ಬಿಟ್ಟ ಚಪ್ಪಲಿಯ ಮಣ್ಣು ಕೆರೆದು ನೆಕ್ಕಿದ.

"ಇದು ಸಿಂಧನೂರ ಎರಿ! ಅಲ್ಲೊಂದು ಕನ್ಯಾ ನೋಡಿ ಬಂದೀರೇನ್ರಿ?"

ಅದು ನಿಜವೇ ಆಗಿರಬೇಕೇ! ಹಿರಿಯರ ಮುಖ ಮಸಾರಿಗಿಂತ ಕೆಂಪಾಯಿತು. "ಯಾರಿವ?" ಎಂದು ಗುಡುಗಿದರು.

ನಾನೋ, ಹುಡುಗನನ್ನು ಬಾಗಿಲ ಸಂದಿಯಿಂದ ನೋಡಿ ಮೆಚ್ಚಿಬಿಟ್ಟಿದ್ದೆ. "ನಮ್ಮ ಬಂಡಿ ಹೊಡಿಯೋ ಆಳು ರೀ, ತಲಿ ನೆಟ್ಟಗಿಲ್ಲ" ಎಂದುಬಿಟ್ಟೆ. ಅವ್ವ ಬಾಯಿಗೆ ಸೆರಗು ಹಿಡಿದಳು. ಅಣ್ಣ ಒಮ್ಮೆ ನನ್ನನ್ನು ನೋಡಿ, "ಹೌದ್ರಿ ಧಣಿ" ಎಂದು ಎತ್ತಿಗೆ ಮೇವು ಹಾಕಲು ಹೋದ.

ಆಳಿನ ಹುಚ್ಚು ಹುಡುಗಿಗೆ ಅಂಟುವುದಿಲ್ಲವಲ್ಲ, ಸಂಬಂಧ ಕುದುರಿತು. ಆಮೇಲೆ ಅಣ್ಣ ಪೂರ್ತಿ ಆಳೇ ಆದ! ಮದುವೆಯಲ್ಲಿ ಬಂಡಿಯವರ ಸಾಲಿನಲ್ಲಿ ಉಂಡ. ಅತ್ತೆ ಕೊನೆಯ ತನಕ ಅವನನ್ನು ಆಳೆಂದೇ ತಿಳಿದಿದ್ದರು. ನಾನು ತಿದ್ದಲಿಲ್ಲ.

ನನ್ನನ್ನು ಗಂಡನ ಮನೆಗೆ ಕರೆತಂದದ್ದೂ ಅವನದೇ ಬಂಡಿ. ಇಳಿಯುವಾಗ, "ಸಿಟ್ಟೇನೋ ಅಣ್ಣಾ?" ಎಂದು ಪಿಸುಗುಟ್ಟಿದೆ. ಅವನು ಆ ಅಂಗಳದ ಮಣ್ಣನ್ನು ನಾಲಿಗೆಗಿಟ್ಟು ಚಪ್ಪರಿಸಿದ. ಆಮೇಲೆ ಬಂಡಿಯ ಹುಲ್ಲಿನೊಳಗಿಂದ ಆ ಜಾಲಿಯ ಗೂಟ ಹೊರತೆಗೆದು ಅಲ್ಲೇ ಬಡಿಯತೊಡಗಿದ.

"ಇದ್ಯಾಕೋ?" ಎಂದರು ಅತ್ತೆ.

"ನಿಮ್ಮ ಎಮ್ಮಿ ಕಟ್ಟಾಕ್ರಿ" ಎಂದ. ಮತ್ತೆ ನನ್ನ ಕಡೆ ಬಾಗಿ, ಮೆಲ್ಲಗೆ ಅಂದ:

"ಇನ್ನ ನಡು ಇಲ್ಲೇ ಬೇ."