ತಗಣಿಯ ತವರುಮನೆ

ನನಗೊಂದು ಕೆಟ್ಟ ಚಟವಿದೆ. ಮೈಮೇಲೆ ಕಷ್ಟ ಬಂದರೆ ಅದನ್ನು ಕಳೆದುಕೊಳ್ಳುವ ದಾರಿ ಬಿಟ್ಟು ಅದರ ಹೆಸರಿನ ಮೂಲ ಹುಡುಕುತ್ತ ಕೂಡುತ್ತೇನೆ. ನೆಗಡಿಯಾದರೆ ಕಷಾಯ ಆರಿ ತಣ್ಣಗಾದರೂ ಸರಿ, 'ನೆಗಡಿ' ಎಂಬ ಮಾತು ಎಲ್ಲಿಂದ ಬಂತೆಂದು ಮೊದಲು ತಿಳಿಯಬೇಕು. ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿದ ಹೊಸದರಲ್ಲಿ ನಾನು ಘೋಡಗೇರಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಈ ಚಟದಿಂದ ನನ್ನ ಸಂಸಾರವೇ ಮುರಿದುಬೀಳುವುದರಲ್ಲಿತ್ತು. ಕಾರಣ ತಗಣಿ, ಮೈಸೂರು ಕಡೆಯವರು ತಿಗಣೆ ಎನ್ನುವ ಅದೇ ಪ್ರಾಣಿ.

ಅವು ನಮ್ಮ ಮನೆಗೆ ಎಲ್ಲಿಂದ ಬಂದವು ಎಂಬುದೇ ಜಗಳ. "ನೀವು ಗೋಕಾಕದಾಗ ಖೋಲಿ ಹಿಡದು ಇದ್ರಲ್ಲ, ಅಲ್ಲಿಂದ ಹೊತ್ಕೊಂಡು ಬಂದೀರಿ" ಎಂದು ನನ್ನ ಹೆಂಡತಿ ಶಾಂತವ್ವನ ವಾದ. ನನಗೋ ಮದುವೆಯಲ್ಲಿ ಮೂಡಲಗಿಯ ಮಾವನವರು ಚಕ್ಕಡಿಯಲ್ಲಿ ಹೇರಿ ಕಳಿಸಿದ್ದ ಸಾಗವಾನಿ ಮಂಚದ ಮೇಲೆ ಸಂಶಯ. ಆದರೆ ಪುರಾವೆ ಬೇಕಲ್ಲ! ಗೋಕಾಕದ ಸಂತೆಯಲ್ಲಿ ಕೊಂಡ ದಪ್ಪನೆಯ ಹಳೇ ನಿಘಂಟೊಂದು ನನ್ನಲ್ಲಿತ್ತು; ಓದಿ ಓದಿ ಅದನ್ನೇ ತಲೆಗಿಟ್ಟು ಮಲಗುವಷ್ಟು ಪ್ರೀತಿ. ಅದರಲ್ಲಿ 'ತಗಣೆ' ನೋಡಿದರೆ 'ಮತ್ಕುಣ' ಎಂದಿತ್ತು. 'ಮತ್ಕುಣ' ನೋಡಿದರೆ 'ತಗಣೆ' ಎಂದಿತ್ತು. ಪಂಡಿತರು ಅಷ್ಟಕ್ಕೇ ಕೈತೊಳೆದುಕೊಂಡಿದ್ದರು. ಮರಾಠಿಯ 'ಢೇಕೂಣ' ಹಿಡಿದು ಜಗ್ಗಿದೆ, ಅದೂ ಜಗ್ಗಲಿಲ್ಲ. ಕಡೆಗೆ ಹುಕ್ಕೇರಿಯಿಂದ ವರ್ಗವಾಗಿ ಬಂದಿದ್ದ, ಉರ್ದು ಬಲ್ಲ ನಮ್ಮ ಹೆಡ್‌ಮಾಸ್ತರರು ನಾನು ಬೆನ್ನು ತುರಿಸಿಕೊಳ್ಳುವುದನ್ನು ಕಂಡು, "ತಗಣಿ ಏನ್ರಿ ಮಾಸ್ತರ? ಉರ್ದುದಾಗ ಅದಕ್ಕ ಖಟಮಲ್ ಅಂತಾರ. ಖಾಟ್ ಅಂದ್ರ ಮಂಚ. ಹೆಸರಿನಾಗ ಐತಲ್ರಿ ಅದರ ಊರು!" ಎಂದರು. ಶಾಲೆ ಬಿಟ್ಟದ್ದೇ ತಡ, ಕುಸ್ತಿ ಗೆದ್ದವನಂತೆ ಮನೆಗೆ ಬಂದೆ.

"ಖಟಮಲ್! ಹೆಸರಿನಾಗ ಮಂಚ ಐತಿ. ಖರೇನ ನಿಮ್ಮಪ್ಪನ ಮಂಚದಾಗಿಂದ ಬಂದಾವ" ಎಂದೆ.

ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮನ್ನ ಕಡಿಯೂವು ತಗಣಿ ಅದಾವ್ರಿ. ತಗಣಿಯೊಳಗ ಮಂಚ ಎಲ್ಲೈತಿ, ತೋರಸ್ರಿ" ಎಂದಳು. "ನಾಳಿ ಐತವಾರ ಅಪ್ಪ ಬರತಾನ. ಅವನ ಮುಂದ ಮಂಚ ಬಿಚ್ಚೂಣು. ಒಂದ ತಗಣಿ ಸಿಕ್ಕರೂ ಮಂಚ ವಾಪಸ್ ಒಯ್ಯಲಿ. ಸಿಗಲಿಲ್ಲಂದ್ರ ಮಂಚದ ಜೋಡಿ ನಾನೂ ಹೋಗಾಕಿ. ನಮ್ಮಪ್ಪನ ಮ್ಯಾಲೆ ತಗಣಿ ಹೊರಿಸಿದವರ ಮನ್ಯಾಗ ನಾ ಇರಾಂಗಿಲ್ಲ." ಅವಳ ಕಣ್ಣಲ್ಲಿ ನೀರಿತ್ತು. ತಗಣಿ ಸಿಗಲಿ ಬಿಡಲಿ, ಮಂಚ ಹೋಗಿ ನನಗೆ ನೆಲವೇ ಗತಿ ಎಂಬುದಕ್ಕಿಂತ ಆ ನೀರು ನೋಡಿ ನನಗೆ ಹೆದರಿಕೆಯಾಯಿತು.

ಮಾವನವರು ಬಂದವರೇ ಮಗಳಿಂದ ಜಗಳದ ಸಂಗತಿ ಕೇಳಿ, ರುಮಾಲು ಬಿಚ್ಚಿಟ್ಟು ಮಂಚವನ್ನು ಅಂಗಳದ ಬಿಸಿಲಿಗೆ ಎಳೆದರು. ಕಾಲು ಬಿಚ್ಚಿ ಸಂದುಸಂದಿಗೆ ಕುದಿಯುವ ನೀರು ಸುರಿದರು. ಒಂದೂ ಇಲ್ಲ! ಶಾಂತವ್ವ ವಾರಕ್ಕೊಮ್ಮೆ ಅದಕ್ಕೆ ಚಿಮಣಿ ಎಣ್ಣೆ ಒರೆಸುತ್ತಿದ್ದಳಂತೆ; ಶಬ್ದ ಹುಡುಕುವ ಗದ್ದಲದಲ್ಲಿ ನನಗದು ಗೊತ್ತೇ ಆಗಿರಲಿಲ್ಲ. ಅವಳು ಒಳಗೆ ಹೋಗಿ ಸೀರೆಗಳ ಗಂಟು ಕಟ್ಟತೊಡಗಿದಳು.

"ಅಳಿಯಾರ, ನೀವು ತಲಿ ಎದರ ಮ್ಯಾಲಿಟ್ಟು ಮಲಗತೀರಿ?" ಎಂದರು ಮಾವನವರು. ನಿಘಂಟು ತಂದುಕೊಟ್ಟೆ. ಅವರು ಅದನ್ನು ಹಾಸುಗಲ್ಲಿನ ಮೇಲೆ ಒಮ್ಮೆ ಜೋರಾಗಿ ಕುಟ್ಟಿದರು. ಬೆನ್ನಿನ ಹೊಲಿಗೆಯೊಳಗಿಂದ ಅಜ್ಜ, ಅಜ್ಜಿ, ಮೊಮ್ಮಕ್ಕಳ ಸಮೇತ ಇಡೀ ವಂಶವೇ ಉದುರಿತು.

"ತಪ್ಪಾತ್ರಿ ಮಾವಾರ" ಎಂದು ಅವರಿಗೆ ಹೇಳಿದೆ. ಒಳಗೆ ಹೋಗಿ, "ತಪ್ಪಾತು" ಎಂದು ಶಾಂತವ್ವನಿಗೂ ಹೇಳಿದೆ. ಅವಳು ಗಂಟು ಬಿಚ್ಚಿದಳು, ಆದರೆ ನಿಘಂಟು ಹೊಸ್ತಿಲು ದಾಟಿ ಒಳಗೆ ಬರಕೂಡದೆಂಬ ಕರಾರಿನ ಮೇಲೆ. 'ತಗಣಿ'ಯ ಮೂಲ ನನಗೆ ಇವತ್ತಿಗೂ ಗೊತ್ತಿಲ್ಲ. ಮೂಲ ಹುಡುಕದೆ ನಾನು ಆಡಿದ ಮೊದಲ ಮಾತು ಆ 'ತಪ್ಪಾತು'. ಈ ಮನೆಯಲ್ಲಿ ಇಷ್ಟು ವರ್ಷ ಉಪಯೋಗಕ್ಕೆ ಬಂದದ್ದೂ ಅದೊಂದೇ.