ಕೆಂಪು ಶಾಯಿಯ ಫಲಿತಾಂಶ

ಎಲ್ಲ ಅನಾಹುತಕ್ಕೂ ಮೂಲ ಊಟದ ಡಬ್ಬಿಯ ಸಡಿಲ ಮುಚ್ಚಳ. ಅದು ಸೋರದಿರಲೆಂದು ಹೆಂಡತಿ ಮೇಜಿನ ಮೇಲೆ ಕೈಗೆ ಸಿಕ್ಕಿದ ಕಾಗದವೊಂದನ್ನು ಡಬ್ಬಿಗೆ ಬಿಗಿಯಾಗಿ ಸುತ್ತಿದಳು. ಗಂಡ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ.

ಈ ಗಂಡನನ್ನು ಕಚೇರಿಯಲ್ಲೂ ಬೀದಿಯಲ್ಲೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಸಂಜೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ. ಹನ್ನೊಂದು ವರ್ಷ ಬಾಗಿ ಬಾಗಿ ಓದಿ ಅವನ ಮೈಯೇ ಆ ಚಿಹ್ನೆಯ ಆಕಾರಕ್ಕೆ ಬಂದಿತ್ತು. ಆದರೂ ಕೆಲಸ ಮಾತ್ರ ಇನ್ನೂ ತಾತ್ಕಾಲಿಕ. "ನಾಳೆ ಮುಖಪುಟದಲ್ಲಿ ಒಂದೇ ಒಂದು ತಪ್ಪಿಲ್ಲದೆ ಪೇಪರ್ ಬರಲಿ, ಸಂಜೆ ನಿನ್ನ ಕಾಯಂ ಆದೇಶಕ್ಕೆ ಸಹಿ ಹಾಕ್ತೀನಿ" ಎಂದು ಸಂಪಾದಕರು ಹಿಂದಿನ ದಿನ ಮಾತು ಕೊಟ್ಟಿದ್ದರು.

ಆ ನಾಳೆ ಎಂದರೆ ಮತ ಎಣಿಕೆಯ ದಿನ. ಬಾಚಣಿಗೆ ಪಕ್ಷವೋ ಕೊಡೆ ಪಕ್ಷವೋ ಎಂದು ಇಡೀ ದೇಶ ತುದಿಗಾಲಲ್ಲಿ ನಿಂತಿತ್ತು. ಟಿವಿಯ ಪಂಡಿತರು ಒಂದು ತಿಂಗಳು ಗಂಟಲು ಹರಿದುಕೊಂಡು, ಕೊನೆಗೆ "ಇಬ್ಬರಲ್ಲಿ ಒಬ್ಬರು ಗೆಲ್ಲುವುದು ಖಚಿತ" ಎಂಬಲ್ಲಿಗೆ ಬಂದು ತಲುಪಿದ್ದರು. ಯಾರು ಗೆದ್ದರೂ ಪತ್ರಿಕೆ ಮಧ್ಯಾಹ್ನ ಮೂರೂವರೆಗೆ ಬೀದಿಗಿಳಿಯಬೇಕಲ್ಲ? ಅದಕ್ಕಾಗಿ ಎರಡು ಮುಖಪುಟ ಮೊದಲೇ ಸಿದ್ಧವಾಗಿದ್ದವು. ಒಂದರಲ್ಲಿ ಬಾಚಣಿಗೆ ಗೆದ್ದಿತ್ತು, ಇನ್ನೊಂದರಲ್ಲಿ ಕೊಡೆ. ಕೊಡೆ ಪುಟವನ್ನು ಅಲ್ಪವಿರಾಮ ಹಿಂದಿನ ಸಂಜೆಯೇ ಓದಿ, ಏಳು ತಪ್ಪು ಹಿಡಿದು, ಕೆಂಪು ಶಾಯಿಯಲ್ಲಿ ತಿದ್ದಿ ಚೀಲಕ್ಕೆ ಹಾಕಿದ್ದ. ಬಾಚಣಿಗೆ ಪುಟವನ್ನು ಬೆಳಿಗ್ಗೆ ಬಸ್ಸಿನಲ್ಲಿ ಓದೋಣವೆಂದು ಮೇಜಿನ ಮೇಲಿಟ್ಟಿದ್ದ. ಹೆಂಡತಿ ಸುತ್ತಿದ್ದು ಅದನ್ನೇ.

ಕೆಳಗಿನ ಮನೆಯಲ್ಲಿ ನಿವೃತ್ತ ಹೆಡ್ಮಾಸ್ಟರಿದ್ದರು. ಜೇಬಿನಲ್ಲಿ ಕೆಂಪು ಪೆನ್ನಿಲ್ಲದೆ ಅವರು ಹೊಸ್ತಿಲು ದಾಟಿದವರಲ್ಲ. ಮದುವೆ ಕಾಗದವಾಗಲಿ, ನೀರಿನ ಬಿಲ್ಲಾಗಲಿ, ತಿದ್ದಿಯೇ ವಾಪಸು ಕೊಡುತ್ತಿದ್ದರು.

"ನಿಲ್ಲಪ್ಪಾ!" ಎಂದು ಅವರು ಅಲ್ಪವಿರಾಮನ ಕಂಕುಳಿಗೆ ಕನ್ನಡಕ ತಂದರು. "ಬಾಚಣಿಗೆ ಪಕ್ಷಕ್ಕೆ ಭರ್ಜರಿ ಜಯ... ಇವತ್ತಿನ ತಾರೀಖು! ಎಣಿಕೆ ಶುರುವಾಗೋದೇ ಎಂಟಕ್ಕೆ. ಈಗಿನ್ನೂ ಏಳೂವರೆ!"

"ಸಾರ್, ಅದು ಹಾಗಲ್ಲ..."

ಹಾಗಲ್ಲ ಅನ್ನುವಷ್ಟರಲ್ಲಿ ಸುದ್ದಿ ಎದುರಿನ ಸಲೂನು ಸೇರಿತ್ತು. ಸಲೂನಿನ ಯಜಮಾನ ಬಾಚಣಿಗೆಯ ಕಟ್ಟಾಳು. ಅರ್ಧ ಗಡ್ಡ ಹೆರೆದಿದ್ದ ಗಿರಾಕಿಯನ್ನು ಹಾಗೇ ಬಿಟ್ಟು "ಗೆದ್ವಿ! ಗೆದ್ವಿ!" ಎಂದು ಕತ್ತಿ ಹಿಡಿದೇ ಬೀದಿಗೆ ಹಾರಿದ. ಗಿರಾಕಿ ಕೊಡೆ ಪಕ್ಷದವನು. "ಎಣಿಸೋಕೆ ಮುಂಚೆ ಗೆಲ್ಲೋದು ಅಂದ್ರೇನ್ರೀ? ಮೋಸ!" ಎಂದು ಅವನೂ ನೊರೆ ಹಾರಿಸುತ್ತ ಹಿಂದೆಯೇ ಬಂದ. ಕ್ಷಣದಲ್ಲಿ ಬೀದಿ ಕಿಕ್ಕಿರಿಯಿತು.

ಬೆವರಿಹೋದ ಅಲ್ಪವಿರಾಮ ಚೀಲದಿಂದ ಕೊಡೆ ಪುಟ ಎಳೆದು ಎತ್ತಿ ಹಿಡಿದ. "ನೋಡ್ರಪ್ಪಾ, ಇದರಲ್ಲಿ ಕೊಡೆ ಗೆದ್ದಿದೆ. ಎರಡೂ ಮಾಡಿಟ್ಕೋತೀವಿ. ಯಾರು ಗೆಲ್ತಾರೋ ನನಗೇನು ಗೊತ್ತು?"

ಹೆಡ್ಮಾಸ್ಟರು ಎರಡೂ ಪುಟಗಳನ್ನು ಇಸಿದುಕೊಂಡು ಗಂಭೀರವಾಗಿ ಪರೀಕ್ಷಿಸಿದರು. "ಇದರಲ್ಲಿ ಏಳು ಕೆಂಪು ಗುರುತು. ಅದರಲ್ಲಿ ಒಂದೂ ಇಲ್ಲ. ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದೀನಿ ಕಣ್ರಯ್ಯಾ! ಅಚ್ಚಾಗೋದನ್ನ ತಿದ್ತಾರೆ. ಕಸದ ಬುಟ್ಟಿಗೆ ಹೋಗೋದನ್ನ ಯಾವನು ತಿದ್ತಾನೆ? ಗೆಲ್ಲೋದು ಕೊಡೆ!"

ಒಂದು ತಿಂಗಳಲ್ಲಿ ಯಾವ ಪಂಡಿತನೂ ಇಷ್ಟು ಖಚಿತವಾಗಿ ಮಾತಾಡಿರಲಿಲ್ಲ. ಅರ್ಧ ಗಡ್ಡದವನು ಕುಣಿಯತೊಡಗಿದ. ಸಲೂನಿನ ಯಜಮಾನ ಕತ್ತಿಯ ಸಮೇತ ಅಲ್ಪವಿರಾಮನತ್ತ ತಿರುಗಿದ.

"ನಮ್ಮದನ್ನ ಯಾಕ್ರೀ ತಿದ್ದಿಲ್ಲ?"

"ಬಸ್ಸಲ್ಲಿ ತಿದ್ದೋಣ ಅಂತ..."

"ಬಸ್ಸಲ್ಲಲ್ಲ, ಇಲ್ಲೇ ತಿದ್ದಿ. ನಮ್ಮ ಕಣ್ಣೆದುರಿಗೆ."

ಅವನನ್ನು ಎತ್ತಿ ತಿರುಗುವ ಕುರ್ಚಿಯಲ್ಲಿ ಕೂರಿಸಿ, ಅಭ್ಯಾಸಬಲದಿಂದ ಕೊರಳಿಗೆ ಟವೆಲ್ಲನ್ನೂ ಸುತ್ತಿದರು. ಅಲ್ಪವಿರಾಮ ಮೇಲಿಂದ ಕೆಳಕ್ಕೆ ಓದಿದ. ಕೆಳಗಿಂದ ಮೇಲಕ್ಕೂ ಓದಿದ. ಗ್ರಹಚಾರಕ್ಕೆ ಪುಟ ಹಾಲಿನಂತಿತ್ತು.

"ಒಂದು ತಪ್ಪೂ ಇಲ್ಲ ಕಣಪ್ಪಾ."

"ಅವರದರಲ್ಲಿ ಏಳು, ನಮ್ಮದರಲ್ಲಿ ಒಂದೂ ಇಲ್ವಾ? ಇಷ್ಟೊಂದು ಪಕ್ಷಪಾತ ಒಳ್ಳೇದಲ್ಲ," ಎಂದ ಯಜಮಾನ. ಕತ್ತಿ ಗಲ್ಲದ ಹತ್ತಿರವೇ ಇತ್ತು.

ಅಲ್ಪವಿರಾಮ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಸರಿಯಿದ್ದದ್ದನ್ನು ತಪ್ಪು ಮಾಡಲು ಕುಳಿತ. ಕಣ್ಣಲ್ಲಿ ನೀರು ಬಂತು. 'ಜನತೆಯ ಗೆಲುವು' ಇದ್ದದ್ದು 'ಜನತೆಯ ಗೋಳು' ಆಯಿತು. 'ಹರ್ಷೋದ್ಗಾರ' ಹೋಗಿ 'ಹಾಹಾಕಾರ' ಬಂತು. ಒಂದೊಂದು ಗುರುತಿಗೂ ಬಾಚಣಿಗೆಯವರು ಚಪ್ಪಾಳೆ ಹೊಡೆದರು. ಎಂಟನೆಯದು ಬಿದ್ದಾಗ ಮುಗಿಲು ಮುಟ್ಟುವ ಕೂಗೆದ್ದಿತು. ಅಷ್ಟು ಹೊತ್ತೂ ಹೆಡ್ಮಾಸ್ಟರು ಕೊಡೆ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕಾವಲು ಕುಳಿತಿದ್ದರು. ದೂರದಲ್ಲಿ ಬಸ್ಸು ಕಂಡದ್ದೇ ತಡ, ಅಲ್ಪವಿರಾಮ ಎರಡೂ ಪುಟ ಕಿತ್ತುಕೊಂಡು ಟವೆಲ್ಲಿನ ಸಮೇತ ಓಡಿದ.

ಕಚೇರಿಯಲ್ಲಿ ಅವನ ಭಯವೆಲ್ಲ ಪುಟ ಕಟ್ಟುವವನದು. "ಕೆಂಪಲ್ಲಿ ಏನಿದೆಯೋ ಅದನ್ನ ಹಾಕೋದು ನನ್ನ ಕೆಲಸ. ಯೋಚನೆ ಮಾಡೋಕೆ ನನಗೆ ಸಂಬಳ ಕೊಡಲ್ಲ" ಎನ್ನುವ ಆಸಾಮಿ ಅವನು. ಸಂಪಾದಕರು ಯಾವಾಗಲೋ ಅಂಚಿನಲ್ಲಿ ಬರೆದಿದ್ದ 'ಎರಡು ಟೀ ಹೇಳು' ಎಂಬುದನ್ನು ನಿಧನವಾರ್ತೆಯ ಕೊನೆಗೆ ಸೇರಿಸಿದ್ದ ಮಹಾನುಭಾವ.

ಮಧ್ಯಾಹ್ನದವರೆಗೂ ಬಾಚಣಿಗೆಯೇ ಮುಂದಿತ್ತು. ಅಲ್ಪವಿರಾಮ ಬಿಳಿ ಶಾಯಿ ಹಿಡಿದು ಎಂಟೂ ಸುಳ್ಳು ಗುರುತುಗಳನ್ನು ಒಂದೊಂದಾಗಿ ಅಳಿಸಿ, ನಾಲ್ಕು ಸಲ ಓದಿ, ನಿಟ್ಟುಸಿರು ಬಿಟ್ಟ. ಎರಡು ಗಂಟೆಗೆ ಕೊಡೆ ಮೇಲೆದ್ದಿತು. ಎರಡೂವರೆಗೆ ಕೊಡೆ ಮೂರೇ ಮೂರು ಸೀಟಿನ ಅಂತರದಲ್ಲಿ ಗೆದ್ದಿತು. ಹೆಡ್ಮಾಸ್ಟರ ಮಾತು ನಿಜವಾಗಿತ್ತು!

"ಕೊಡೆ ಪುಟ ಎಲ್ಲಯ್ಯಾ?" ಎಂದು ಸಂಪಾದಕರು ಗುಡುಗಿದರು.

"ಇಲ್ಲಿದೆ ಸಾರ್. ನಿನ್ನೆನೇ ಓದಿ ಮುಗಿಸಿದ್ದು," ಎಂದು ಅಲ್ಪವಿರಾಮ ಮಡಿಸಿದ ಪುಟವನ್ನು ಹೆಮ್ಮೆಯಿಂದ ಕೊಟ್ಟ. ಪುಣ್ಯಕ್ಕೆ ಇದಕ್ಕೆ ಸಲೂನಿನ ಗಾಳಿ ಸೋಕಿಲ್ಲ ಎಂದುಕೊಂಡ. ಪುಟ ಕಟ್ಟುವವನು ಕೆಂಪಲ್ಲಿ ಇದ್ದದ್ದನ್ನೆಲ್ಲ ಹಾಕಿದ. ಯಂತ್ರ ಓಡಿತು.

ಮೂರೂವರೆಗೆ ಒಂದು ಪ್ರತಿ ಅವನ ಕೈಗೂ ಬಂತು. ತಲೆಬರಹ ಸರಿ. ಏಳೂ ತಪ್ಪು ಸರಿಯಾಗಿದ್ದವು. ಅಲ್ಪವಿರಾಮ ಕಾಯಂ ಆದವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ. ಆಮೇಲೆ ನೋಡಿದ: ನಗುತ್ತ ಕೈಬೀಸುತ್ತಿದ್ದ ನೂತನ ಪ್ರಧಾನಿಯ ದೊಡ್ಡ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: 'ನೂರಕ್ಕೆ ಮೂವತ್ತೆರಡು. ಗಮನ ಸಾಲದು. ನಾಳೆ ತಂದೆಯವರ ಸಹಿ ಹಾಕಿಸಿಕೊಂಡು ಬರುವುದು'.

ಬೆಂಚು, ತೊಡೆ, ಜೇಬಿನ ಕೆಂಪು ಪೆನ್ನು ಎಲ್ಲ ಒಮ್ಮೆಗೇ ಅವನ ಕಣ್ಣ ಮುಂದೆ ಬಂದವು. ಯಂತ್ರದ ಕಡೆ ಓಡಿದ. ಇಪ್ಪತ್ತು ಸಾವಿರ ಪ್ರತಿ ಆಗಲೇ ಹೊರಟುಹೋಗಿತ್ತು.

ಐದಕ್ಕೆ ಸಂಪಾದಕರು ಕರೆಸಿದರು. ಮೇಜಿನ ಮೇಲೆ ಕಾಯಂ ಆದೇಶ ಬಿದ್ದಿತ್ತು. ಫೋನು ಬಾಯಿ ಮುಚ್ಚುತ್ತಿರಲಿಲ್ಲ. ಸಂಪಾದಕರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

"ಮೂರನೇ ಸಲ ಅಚ್ಚಿಗೆ ಕಳಿಸಿದೀನಿ ಕಣಯ್ಯಾ! ಊರೆಲ್ಲ ಇದೇ ಮಾತು. ಮೂರೇ ಸೀಟಿನ ಅಂತರದಲ್ಲಿ ಗೆದ್ದೋರಿಗೆ ಇದಕ್ಕಿಂತ ಒಳ್ಳೇ ಸಂಪಾದಕೀಯ ನನ್ನ ಕೈಲಿ ಬರೆಯೋಕಾಗಲ್ಲ. ಕಾಯಂ ಜಾಗ ಒಂದೇ ಇರೋದು. ಹೇಳು, ಬರೆದೋರು ಯಾರು? ನೀನೇನಾ?"

ಅಲ್ಪವಿರಾಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಆದರೆ ಬೆಳಿಗ್ಗೆ ಎಂಟು ಸಲ ಕೈ ಪಳಗಿತ್ತು. "ಹೌ..." ಎಂದು ಬಾಯಿ ತೆರೆದ.

ಬಾಗಿಲು ತೆರೆಯಿತು. ಹೆಡ್ಮಾಸ್ಟರು ಪತ್ರಿಕೆ ಹಿಡಿದು ನಿಂತಿದ್ದರು.

"ಯಾರ್ರೀ ಸಂಪಾದಕರು? ನಾನು ಬರೆದದ್ದರ ಕೊನೆಗೆ ಪೂರ್ಣವಿರಾಮ ಹಾಕಿದ್ದೆ. ನೀವು ಬಿಟ್ಟಿದೀರಿ. ನಮ್ಮ ಪಕ್ಷವೇ ಆದರೂ ಏಳು ತಪ್ಪು ಅಂದ್ರೆ ಏಳು ತಪ್ಪು. ಮಾರ್ಕ್ಸ್ ವಿಷಯದಲ್ಲಿ ನಾನು ಮುಖ ನೋಡೋನಲ್ಲ."

ಸಂಪಾದಕರು ಎದ್ದು ನಿಂತು ಕೈ ಮುಗಿದರು. ಆದೇಶದ ಮೇಲೆ ಹೆಡ್ಮಾಸ್ಟರ ಹೆಸರು ಬಂತು, ಸಹಿ ಬಿತ್ತು, ಅಲ್ಪವಿರಾಮನ ಪಕ್ಕದಲ್ಲೇ ದೊಡ್ಡ ಮೇಜೂ ಬಂತು. ಅವರು ಕುಳಿತು ಮೊದಲು ಕೈಗೆತ್ತಿಕೊಂಡದ್ದು ಅಲ್ಪವಿರಾಮನ ಕಾಯಂ ಕೆಲಸದ ಅರ್ಜಿಯನ್ನು. ಕೆಂಪು ಪೆನ್ನು ಸರಸರ ಓಡಿತು.

"ನಾಲ್ಕು ತಪ್ಪು. ನೂರಕ್ಕೆ ಅರವತ್ತು. ತಂದೆಯವರ ಸಹಿ ಹಾಕಿಸ್ಕೊಂಡು ಬಾ, ಮುಂದಿನ ವರ್ಷ ನೋಡೋಣ."

"ತಂದೆಯವರು ತೀರಿಕೊಂಡು ಹತ್ತು ವರ್ಷವಾಯ್ತು, ಸಾರ್."

"ಹಾಗಾದ್ರೆ ಹೆಂಡತಿ ಕೈಲಿ ಹಾಕಿಸು," ಎಂದರು ಹೆಡ್ಮಾಸ್ಟರು. "ಡಬ್ಬಿಗೆ ಸುತ್ತಬೇಡ ಅಂತ ಹೇಳು."